ಕೋಡಿ ಮೇಲಿನ ಹಾಡು

ತಣಿಸಂದ್ರ
11 ಫೆಬ್ರವರಿ 2024

ಇಂದು,

ಕಾಗದದ ಮೇಲೆ ಕನ್ನಡ ಬರೆದು ಎಷ್ಟು ವರ್ಷ ಆಯ್ತೋ ಗೊತ್ತಿಲ್ಲ. ಪಿಯುಸಿ ಪರೀಕ್ಷೆನೇ ಕೊನೆ ಇರಬೇಕು. ತಪ್ಪಿದ್ರೆ ನಗಬೇಡ. ಫೋನ್ ಮಾಡ್ಬೇಡ, ವಾಯ್ಸ್ ನೋಟ್ ಕಳಿಸ್ಬೇಡ, ಏನಿದ್ರೂ ಬರಿ ಅಂತ ಆಂಪ್ಲಿಫೈಯರ್ ಮೇಲೆ ಚೀಟಿ ಅಂಟಿಸಿ ಬೀದರ್ ರೈಲು ಹತ್ತಿದವಳು ನೀನು. ನಾವೇನ್ ಮಾಡಿದ್ವಿ ಅಂತ ಇಷ್ಟು ಕೋಪ, ಅದನ್ನೂ ಹೇಳಲಿಲ್ಲ. ಗೌರ್ಮೆಂಟ್ ಡಾಕ್ಟರ್ ಆದ್ಮೇಲೆ ದನಕರು ಬಿಟ್ಟು ಮನುಷ್ಯರ ಜತೆ ಮಾತಿಲ್ಲ ಅಂತ ಕಾಶಿನಾಥ ರೇಗಿಸ್ತಿರ್ತಾನೆ.

ನೀನು ಹೋದ್ಮೇಲೆ ಸುಮಾರು ದಿನ ನಾವ್ಯಾರೂ ರಿಹರ್ಸಲ್ ಗೋಡೌನ್ ಕಡೆ ಹೋಗ್ಲಿಲ್ಲ. ಆಮೇಲೆ ಅಶ್ವತ್ಥ್ ಮನೆಗೇ ಬಂದ. "ಮಗಾ, ಹಾಡೋಳು ಹೋದ್ಲು ಅಂತ ಬ್ಯಾಂಡ್ ಮುಚ್ಚಕ್ಕಾಗುತ್ತಾ? ದೊಡ್ಡಪ್ಪ ಗೋಡೌನ್ ವಾಪಸ್ ಕೇಳೋಕೆ ಮುಂಚೆ ಏನಾದ್ರೂ ಮಾಡೋಣ" ಅಂದ. ಅವನು ಬೇಸ್, ನಾನು ಗಿಟಾರ್, ಕಾಶಿನಾಥ ಡ್ರಮ್ಸ್, ನಡುವೆ ನೀನು ನಿಲ್ತಿದ್ದ ಜಾಗ ಖಾಲಿ. ಹೆಬ್ಬಾಳದ ನಿಮ್ಮ ವೆಟರ್ನರಿ ಕಾಲೇಜಿನ ಹಿಂದೆ ಟೀ ಕುಡೀತಾ ಬ್ಯಾಂಡಿಗೆ 'ಕೋಡಿ' ಅಂತ ಹೆಸರಿಟ್ಟವಳೂ ನೀನೇ. ಕೆರೆ ತುಂಬಿದ್ಮೇಲೆ ನೀರು ಹರಿದು ಹೋಗೋ ಜಾಗ, ನಮ್ಮ ಸದ್ದೂ ಹಾಗೇ ಇರಬೇಕು ಅಂದಿದ್ದೆ.

ಹೊಸಬಳು ಸಿಕ್ಕಿದ್ದಾಳೆ. ಶಿವಾನಿ, ಆರ್.ಟಿ. ನಗರದವಳು. ದನಿ ಜೋರಿದೆ. ನಿನ್ನ 'ದಾರಿ ಬಿಡಿ' ರೆಕಾರ್ಡ್ ಮಾಡಿದ್ವಿ. ಆ ಕೊನೆ ಕೂಗು ಅವಳಿಗೂ ಬರುತ್ತೆ, ನಿನ್ನಷ್ಟು ಉರಿ ಇಲ್ಲ. ನೀನು ಹೇಳಿದ ಹಾಗೇ ನಿನ್ನ ಹೆಸರು ಹಾಕಿಲ್ಲ. 'ಸಾಹಿತ್ಯ, ಸಂಗೀತ: ಕೋಡಿ' ಅಂತ ಮಾತ್ರ. ಆದ್ರೂ ಒಂದ್ಸಲ ಯೋಚನೆ ಮಾಡು. ಇದು ನಿನ್ನ ಹಾಡು.

ರಯ್ಯಾನ್


ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ
3 ಮಾರ್ಚ್ 2024

ರಯ್ಯಾನ್,

ನಿನ್ನ ಒತ್ತಕ್ಷರ ನೋಡಿ ನಕ್ಕೆ, ಕ್ಷಮಿಸು. ಕೋಪ ಏನಿಲ್ಲ ಕಣೋ. ಕೆಲಸದ ಆರ್ಡರ್ ಬಂತು, ಹೊರಟೆ, ಅಷ್ಟೇ. ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ. ಆಸ್ಪತ್ರೆಯ ಹಿಂದಿನ ದಿಬ್ಬ ಹತ್ತಿದರೆ ಒಂದು ಕಡ್ಡಿ ಸಿಗ್ನಲ್ ಬರುತ್ತೆ. ಅದಕ್ಕೇ ಪತ್ರ ಅಂದಿದ್ದು.

ಕಾಲುಬಾಯಿ ಜ್ವರದ ಲಸಿಕೆ ನಡೀತಿದೆ. ಬೆಳಿಗ್ಗೆಯಿಂದ ಎಮ್ಮೆ ಹಿಡಿಯೋದು, ಸೂಜಿ ಚುಚ್ಚೋದು, ಒದೆ ತಪ್ಪಿಸಿಕೊಳ್ಳೋದು. ಜನ ಒಳ್ಳೆಯವರು. ಮಾತಾಡದ ಡಾಕ್ಟರ್ ಅಂತ ಹೆಸರಿಟ್ಟಿದ್ದಾರೆ.

ಹೆಸರಿನ ವಿಷಯ ಮತ್ತೆ ಎತ್ತಬೇಡ. ನನಗಿನ್ನೂ ಪ್ರೊಬೇಷನ್. ಸರ್ಕಾರಿ ನೌಕರಿಯಲ್ಲಿದ್ದು ಇಂಥ ಹಾಡು ಬರೆದವಳು ಅಂದ್ರೆ ಒಂದು ಅರ್ಜಿ ಸಾಕು, ಮನೆಗೆ ಕಳಿಸ್ತಾರೆ. ಇನ್ನೊಂದು ನಿನಗೂ ಗೊತ್ತು. ಅಜ್ಜಿ ಮಾವಿನಕೆರೆಯಲ್ಲಿ ಒಬ್ಬಳೇ ಇದ್ದಾಳೆ, ಅವಳ ಮನೆಯ ಎದುರು ಮನೆಯೇ ನರಸಿಂಹಯ್ಯನವರದು. ಕೋಡಿ ಮುಚ್ಚಿ ಲೇಔಟ್ ಮಾಡಿದವರು ಅವರು, ಮಳೆ ಬಂದರೆ ನೀರು ನುಗ್ಗೋದು ಅಜ್ಜಿಯ ಮನೆಗೆ. ಅವರ ತಮ್ಮನ ಮಗ ನಮ್ಮಲ್ಲಿ ಬೇಸ್ ಬಾರಿಸ್ತಾನೆ, ಅವರದೇ ಗೋಡೌನ್‌ನಲ್ಲಿ ಕೂತು ನಾವು ಅವರ ಮೇಲೇ ಹಾಡು ಕಟ್ಟಿದ್ದೇವೆ. ಅಶ್ವತ್ಥ್‌ಗೆ ಇದು ಇನ್ನೂ ತಮಾಷೆ. ಎಲ್ಲಿಯ ತನಕ ತಮಾಷೆ ಅಂತ ನೋಡ್ತಿರು.

ಶಿವಾನಿಗೆ ಹೇಳು, ಕೊನೆ ಕೂಗು ಗಂಟಲಿನಿಂದ ಅಲ್ಲ, ಹೊಟ್ಟೆಯಿಂದ ಬರಬೇಕು. ಗಂಟಲು ಹಾಳಾಗುತ್ತೆ.

ಇಂದು


ತಣಿಸಂದ್ರ
20 ಜೂನ್ 2024

ಇಂದು,

ಏನಾಗಿದೆ ಅಂತ ನಿನಗೆ ಹೇಗೆ ಹೇಳಲಿ. ನಿನ್ನೆ ಯಶವಂತಪುರ ಯಾರ್ಡಿಗೆ ಅಬ್ಬಾಗೆ ಊಟ ಕೊಡೋಕೆ ಹೋಗಿದ್ದೆ. ಈರುಳ್ಳಿ ಚೀಲ ಇಳಿಸ್ತಿದ್ದ ಹಮಾಲಿಗಳು 'ಕೋಡಿ ಮೇಲೆ ಮನೆ ಕಟ್ಟಿದೋರೇ, ನನ್ನ ನೀರಿಗೆ ದಾರಿ ಬಿಡಿ' ಅಂತ ತಾಳ ಹಾಕ್ತಿದ್ರು. ನನ್ನನ್ನ ಯಾರೂ ಗುರುತಿಸಲಿಲ್ಲ. ಅಬ್ಬಾ ಮಾತ್ರ ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, "ಯೇ ತೇರಾಚ್ ಹೈ ನಾ?" ಅಂದ್ರು, ಇದು ನಿಂದೇ ಅಲ್ವಾ ಅಂತ. ಖಾದರ್ ಬಾಷಾ ತನ್ನ ಮಗ ಗಿಟಾರ್ ಬಾರಿಸ್ತಾನೆ ಅನ್ನೋದನ್ನ ಬಾಯಿ ಬಿಟ್ಟು ಒಪ್ಪಿಕೊಂಡಿದ್ದು ಇದೇ ಮೊದಲು.

ಜಕ್ಕೂರು ಕಡೆ ಒಂದು ಕೆರೆ ಉಳಿಸಿ ಸಭೆಯಲ್ಲಿ ಯಾರೋ ನಮ್ಮ ಹಾಡು ಹಾಕಿದ್ರಂತೆ, ಅಲ್ಲಿಂದ ಶುರು. ಈಗ ಆರು ಕಾಲೇಜಿನವರು ಕರೀತಿದ್ದಾರೆ. ಮೈಸೂರು, ಹುಬ್ಬಳ್ಳಿ, ಮಣಿಪಾಲ್. ಹಾರ್ಡ್ ರಾಕ್ ಕನ್ನಡದಲ್ಲಿ ಆಗಲ್ಲ ಅಂತಿದ್ದೋರೇ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ತಾರೆ.

ಆದ್ರೆ ಅಶ್ವತ್ಥ್ ಮೆತ್ತಗಾಗಿದ್ದಾನೆ. ಹಾಡು ಅವರ ಮನೆಗೂ ಮುಟ್ಟಿದೆ. ಮೊನ್ನೆ ರಿಹರ್ಸಲ್ ನಡುವೆ, "ಗುರು, 'ಕೋಡಿ ಮೇಲೆ ಮನೆ' ಅನ್ನೋದನ್ನ 'ಕಲ್ಲ ಮೇಲೆ ಮನೆ' ಅಂತ ಮಾಡಿದ್ರೆ ತಾಳ ತಪ್ಪುತ್ತಾ?" ಅಂದ. ನಾನು ತಪ್ಪುತ್ತೆ ಅಂದೆ. ಅವನು ನಗಲಿಲ್ಲ. ದೊಡ್ಡಪ್ಪ ಊಟಕ್ಕೆ ಕೂತಾಗ, ಇದನ್ನ ಬರೆದೋರು ಯಾರು ಅಂತ ಕೇಳಿದ್ರಂತೆ. ಎಲ್ಲರೂ ಸೇರಿ ಬರೆದ್ವಿ ಅಂದನಂತೆ.

ಸಾಲು ಬದಲಿಸ್ಲಾ? ನೀನು ಹೇಳಿದ ಹಾಗೆ.

ರಯ್ಯಾನ್


ಔರಾದ್
14 ಜುಲೈ 2024

ರಯ್ಯಾನ್,

ಬದಲಿಸಬೇಡ. ನಮ್ಮೂರ ದೇವಿ ಪಟಾಲಮ್ಮ ಬಂದು ನನ್ನ ಕೆರೆ ಎಲ್ಲಿ ಅಂತ ಕೇಳೋ ಹಾಡು ಅದು. ಅವಳು ಕೋಡಿ ಅನ್ನದೆ ಕಲ್ಲು ಅಂತಾಳಾ? ಅಶ್ವತ್ಥ್‌ಗೆ ಹೆದರಿಕೆಯಾದರೆ ಬೇಸ್ ಕೆಳಗಿಟ್ಟು ಹೋಗಲಿ. ತಾಳ ತಪ್ಪುತ್ತೆ ಅಂತ ಸುಳ್ಳು ನೆಪ ಹೇಳುವ ಬದಲು ನೇರವಾಗಿ ಆಗಲ್ಲ ಅನ್ನೋಕೆ ನಿನಗೇನು ಅಡ್ಡ?

ಕಾಂಪೌಂಡರ್ ಫೋನಲ್ಲಿ ಹಾಡು ಕೇಳಿದೆ. ಶಿವಾನಿ ಚೆನ್ನಾಗಿ ಹಾಡಿದ್ದಾಳೆ. ನಿಜವಾಗಿಯೂ. ಮೊದಲ ಸಲ ಪೂರ್ತಿ ಕೇಳಿಸಿಕೊಳ್ಳೋಕೆ ಆಗಲಿಲ್ಲ, ಎದ್ದು ಹೋಗಿ ಕೈ ತೊಳೆದು ಬಂದೆ. ನಾನೂ ಇಲ್ಲಿ ಹಾಡ್ತಿರ್ತೀನಿ, ತೊಗರಿ ಹೊಲದ ಬದುವಿನಲ್ಲಿ ನಡೆಯುವಾಗ. ಕೇಳುವವರು ಎತ್ತುಗಳು, ಅವು ದೂರು ಕೊಡಲ್ಲ.

ರಜ ಸಿಗೋದು ಕಷ್ಟ. ದಸರೆಗೂ ಬರೋದಿಲ್ಲ.

ಇಂದು


ತಣಿಸಂದ್ರ
2 ನವೆಂಬರ್ 2024

ಇಂದು,

ತಡವಾಯ್ತು, ಬೇಜಾರಾಗಬೇಡ. ಇಲ್ಲಿ ಎಲ್ಲ ಚೆನ್ನಾಗಿದೆ. ಶೋ ಮೇಲೆ ಶೋ, ಬರೆಯೋಕೆ ಪುರುಸೊತ್ತಿರಲಿಲ್ಲ. ಹೊಸ ಆಲ್ಬಂ ಮಾತು ನಡೀತಿದೆ. ನಾನು ಸ್ವಲ್ಪ ದಿನ ಅಬ್ಬಾ ಜತೆ ಯಾರ್ಡಿನಲ್ಲಿ ಕೂರ್ತಿದ್ದೀನಿ, ಅವರ ಮಂಡಿ ನೋವು ಜಾಸ್ತಿ. ಬೆಳಿಗ್ಗೆ ಹರಾಜು, ಮಧ್ಯಾಹ್ನ ನಿದ್ದೆ. ಗಿಟಾರ್ ಸಂಜೆ.

ಅಮ್ಮಿ ನಿನ್ನನ್ನ ಕೇಳ್ತಿರ್ತಾಳೆ. ಆ ಹುಡುಗಿ ಬಂದ್ರೆ ಖೀರು ಮಾಡ್ತೀನಿ ಅಂತಾಳೆ. ನೀನೇನೂ ಈ ಕಡೆ ಬರೋ ಅರ್ಜೆಂಟ್ ಮಾಡ್ಬೇಡ. ಪ್ರೊಬೇಷನ್ ಮುಗಿಯೋದು ಯಾವಾಗ? ಯಾವ ತಿಂಗಳು ಅಂತ ಬರಿ.

ಇಂಟರ್ನೆಟ್‌ನಲ್ಲಿ ಏನೇನೋ ಬರುತ್ತೆ. ನಂಬಬೇಡ.

ರಯ್ಯಾನ್


ಔರಾದ್
24 ನವೆಂಬರ್ 2024

ರಯ್ಯಾನ್,

ನಿನ್ನ ಪತ್ರ ಬಂದ ದಿನವೇ ಲಸಿಕೆ ಸಾಮಾನಿಗೆ ಬೀದರ್‌ಗೆ ಹೋಗಿದ್ದೆ. ಹೋಟೆಲಿನ ವೈಫೈಯಲ್ಲಿ ಕೋಡಿಯ ಹೊಸ ಶೋ ನೋಡಿದೆ. ನೀನು ನಿಲ್ಲುವ ಜಾಗದಲ್ಲಿ ಬೇರೆ ಯಾರೋ, ಕೂದಲು ಕಟ್ಟಿದ ಹುಡುಗ, ನಿನ್ನದೇ ಸೋಲೋ ಒಂದು ಸ್ವರ ಬಿಡದೆ ಬಾರಿಸ್ತಿದ್ದಾನೆ. ಶೋ ಮೇಲೆ ಶೋ ಅಂತ ಬರೆದೆಯಲ್ಲ, ಯಾವ ಬ್ಯಾಂಡಿನ ಶೋ ಅದು?

ಆಮೇಲೆ ಶಿವಾನಿಯ ಸಂದರ್ಶನ ನೋಡಿದೆ. 'ದಾರಿ ಬಿಡಿ' ಈಗ ಯಾಕೆ ಹಾಡಲ್ಲ ಅಂತ ಕೇಳಿದರೆ, ಅದು ನಮ್ಮ ಹಳೆಯ ಗಿಟಾರಿಸ್ಟ್ ರಯ್ಯಾನ್ ಬರೆದದ್ದು, ಆ ಮಾತುಗಳಿಗೂ ನಮಗೂ ಸಂಬಂಧ ಇಲ್ಲ ಅಂದಳು. ರಯ್ಯಾನ್ ಬರೆದದ್ದು. ಅವಳಿಗೆ ಹಾಗಂತ ಹೇಳಿದವರು ಯಾರು? ನನ್ನ ಹೆಸರು ಹಾಕಬೇಡ ಅಂದಿದ್ದೆ, ನಿನ್ನ ಹೆಸರು ಹಾಕ್ಕೋ ಅಂದಿರಲಿಲ್ಲ.

ಸಿನಿಮಾದವರು ಕರೆದಿರಬೇಕು, ಈ ಹಾಡು ತೋರಿಸಿ ಒಳಗೆ ಹೋಗಿರಬೇಕು. ಹೋಗು. ಆದರೆ ಯಾರ್ಡು, ಮಂಡಿ ನೋವು, ಖೀರು ಅಂತ ಕತೆ ಕಟ್ಟಬೇಡ. ನನ್ನ ಅಜ್ಜಿ ಮೊಣಕಾಲುದ್ದ ನೀರಲ್ಲಿ ನಿಂತು ಆಡಿದ ಮಾತು ಅದು. ಅದನ್ನ ನೀನು ನಿನ್ನದು ಅಂದುಕೊಂಡೆ ಅನ್ನೋದು ನನಗೆ ಸಹಿಸೋಕೆ ಆಗ್ತಿಲ್ಲ.

ಇಂದು


ತಣಿಸಂದ್ರ
8 ಡಿಸೆಂಬರ್ 2024

ಇಂದು,

ಹೌದು, ನಾನೇ ಬರೆದೆ ಅಂತ ಹೇಳಿದ್ದೀನಿ. ನಿನ್ನ ಪ್ರೊಬೇಷನ್ ಮುಗಿಯೋ ತನಕ ಅದು ಹಾಗೇ ಇರಲಿ. ಯಾರಾದ್ರೂ ಬಂದು ಕೇಳಿದ್ರೆ, ಪೇಪರಿನವರು ಕೇಳಿದ್ರೂ, ನನಗೆ ಗೊತ್ತಿಲ್ಲ ಅನ್ನು. ಬೈಯೋದಿದ್ರೆ ಆಮೇಲೆ ಬೈ.

ದಯವಿಟ್ಟು ಸದ್ಯಕ್ಕೆ ಬರೀಬೇಡ.

ರಯ್ಯಾನ್


ಔರಾದ್
29 ಡಿಸೆಂಬರ್ 2024

ರಯ್ಯಾನ್,

ಬರೀಬೇಡ ಅಂದೆ, ಬರೀತಿದ್ದೀನಿ.

ನಿನ್ನ ಪತ್ರ ಓದಿ ಕಾಶಿನಾಥನಿಗೆ ಮೆಸೇಜ್ ಹಾಕಿದೆ. ಅವನು ತಕ್ಷಣ ಫೋನ್ ಮಾಡಿದ. ನಾನು ಮಾತಾಡಲಿಲ್ಲ, ಕೇಳಿಸಿಕೊಂಡೆ. ಅವನು ಎಲ್ಲ ಹೇಳಿದ.

ಸೆಪ್ಟೆಂಬರಿನಲ್ಲಿ ಯಲಹಂಕದ ಕಾಲೇಜಿನ ಸ್ಟೇಜ್ ಮೇಲೆ ಅಶ್ವತ್ಥ್ ಅಲಂಕಾರಕ್ಕೆ ಅಂತ ಬೇವಿನ ಸೊಪ್ಪು ಕಟ್ಟಿದ ಗಡಿಗೆ ಇಟ್ಟಿದ್ದು. ನೀನು ಹಿಂದಕ್ಕೆ ಸರಿಯುವಾಗ ಗಿಟಾರಿನ ಕೇಬಲ್ ಸಿಕ್ಕಿ ಅದು ಉರುಳಿ ಒಡೆದಿದ್ದು. ನೀನು ಬಗ್ಗಿ ಚೂರುಗಳನ್ನು ಆರಿಸಿದ್ದು. ವಿಡಿಯೋದಲ್ಲಿ ಆರಿಸಿದ ಭಾಗ ಕತ್ತರಿಸಿ, ನಿನ್ನ ಕಾಲು, ಒಡೆದ ಗಡಿಗೆ ಇಷ್ಟೇ ಉಳಿಸಿ, ಪಟಾಲಮ್ಮನ ಗಡಿಗೆ ಒದ್ದವನು ಅಂತ ನಿನ್ನ ಹೆಸರು ಹಾಕಿ ಹರಿಬಿಟ್ಟಿದ್ದು. ದೂರು ದಾಖಲಾಗಿದ್ದು. ಸ್ಟೇಷನ್‌ನಲ್ಲಿ, ದೇವಿಯ ಬಾಯಲ್ಲಿ ಇಂಥ ಮಾತು ಬರೆದವರು ಯಾರು ಅಂದಾಗ ನೀನು, ನಾನು ಸಾರ್ ಅಂದಿದ್ದು. ಯಾರ್ಡಿನಲ್ಲಿ ನಿಮ್ಮ ಅಂಗಡಿ ಮುಂದೆ ಗುಂಪು ಕೂಗಾಡಿದ್ದು, ಅವತ್ತಿನಿಂದ ನೀನು ಅಲ್ಲೇ ಅಪ್ಪನ ಪಕ್ಕ ಕೂತಿರೋದು. ಅಶ್ವತ್ಥ್ ಬಂದು, ಬಿಸಿ ಆರೋ ತನಕ ಸ್ವಲ್ಪ ಪಕ್ಕಕ್ಕೆ ನಿಲ್ಲು ಅಂದು, ಮಾರನೇ ವಾರವೇ ಬೇರೆಯವನನ್ನು ತಂದಿದ್ದು. ಅದನ್ನು ನೋಡಲಾರದೆ ಕಾಶಿನಾಥನೂ ಬಿಟ್ಟಿದ್ದು.

ನಾನು ನಿನಗೆ ಸಿನಿಮಾ ಅಂತ ಬರೆದೆ. ಆ ಪತ್ರ ಸುಟ್ಟು ಹಾಕು.

ಆದರೆ ನಿನ್ನ ಮೇಲೂ ನನಗೆ ಕೋಪ ಇದೆ. ನನ್ನ ಹೆಸರು ಹೇಳಿದ್ದರೆ ನಿನ್ನ ಮೇಲಿನ ಅರ್ಧ ಭಾರ ಅವತ್ತೇ ಇಳೀತಿತ್ತು. ನಾನು ಮಾವಿನಕೆರೆಯ ಹುಡುಗಿ, ಪಟಾಲಮ್ಮನ ಗುಡಿಗೆ ದೀಪ ಹಚ್ಚುವವಳ ಮೊಮ್ಮಗಳು. ನನ್ನನ್ನು ಕೇಳಬೇಕಿತ್ತು. ನನ್ನ ನೌಕರಿ ಕಾಯುವ ಕೆಲಸ ನಿನಗೆ ಯಾರು ಕೊಟ್ಟರು?

ಜನವರಿಯಲ್ಲಿ ಗುಡಿ ಮುಂದೆ ಸಭೆ ಇದೆಯಂತೆ, ನೀನು ಎಲ್ಲರೆದುರು ಕ್ಷಮೆ ಕೇಳಬೇಕಂತೆ, ನೀನು ಒಪ್ಪಿದ್ದೀಯಂತೆ. ಒಪ್ಪಿದ್ದು ಸರಿ, ಹೋಗು. ಬೇರೆ ಏನೂ ಹೇಳಲ್ಲ.

ಇಂದು


ತಣಿಸಂದ್ರ
19 ಜನವರಿ 2025

ಇಂದು,

ಸಭೆ ದಿನ ನೀನು ಸಂಜೆ ರೈಲಿಗೆ ಹೋದೆ ಅಂತ ನಿನ್ನ ಅಜ್ಜಿ ಹೇಳಿದ್ರು. ನಾನು ಯಶವಂತಪುರ ಸ್ಟೇಷನ್‌ಗೆ ಓಡಿದೆ, ರೈಲು ಹೊರಟಾಗಿತ್ತು. ಯಾಕೆ ಹಾಗೆ ಮಾಡಿದೆ? ನನ್ನ ಕಡೆ ಒಂದು ಸಲ ನೋಡಿ ತಲೆ ಆಡಿಸಿ ಆಟೋ ಹತ್ತಿಬಿಟ್ಟೆ.

ನಾನು ನಿಂತ ಜಾಗದಿಂದ ಏನು ಕಾಣಿಸ್ತಿತ್ತು ಅಂತ ನಿನಗೆ ಗೊತ್ತಿಲ್ಲ, ಬರೀತೀನಿ. ಬೆಳಿಗ್ಗೆ ಹೊರಡುವಾಗ ಅಮ್ಮಿ ಬಾಗಿಲಿಗೆ ಅಡ್ಡ ನಿಂತಿದ್ಲು. "ಕಾಯ್ಕು ಜಾತೇ ರೇ? ಚುಪ್ ಘರ್ ಮೇ ಬೈಠ್" ಅಂತ, ಹೋಗ್ಬೇಡ, ಸುಮ್ನೆ ಮನೇಲಿರು ಅಂತ ಅಳು. ಅಬ್ಬಾ ಚಪ್ಪಲಿ ಮೆಟ್ಟಿ, ನಾನೂ ಬರ್ತೀನಿ ಅಂದ್ರು. ಗುಡಿ ಮುಂದೆ ಅರಳಿಕಟ್ಟೆ ಸುತ್ತ ಜನ. ನರಸಿಂಹಯ್ಯನವರಿಗೆ ಕುರ್ಚಿ, ಇನ್‌ಸ್ಪೆಕ್ಟರಿಗೆ ಕುರ್ಚಿ. ಅಶ್ವತ್ಥ್ ಗುಡಿಯ ಕಂಬಕ್ಕೆ ಒರಗಿದ್ದ. ನನ್ನ ಜೇಬಲ್ಲಿ ಕ್ಷಮಾಪಣೆ ಬರೆದ ಹಾಳೆ ಇತ್ತು.

"ಯಾರಪ್ಪ ಈ ಹಾಡು ಬರೆದೋನು?" ಅಂದ್ರು ನರಸಿಂಹಯ್ಯ.

"ನಾನೇ ಸಾರ್."

"ನಮ್ಮಮ್ಮನ ಬಾಯಿಗೆ ಮಾತು ಹಾಕೋಕೆ ನೀನ್ಯಾರು?"

ಹಿಂದಿನಿಂದ ಯಾರೋ, ಅವನನ್ನ ಮೊದಲು ಮೊಣಕಾಲೂರಿಸಿ ಅಂದ. ಅಬ್ಬಾ ನನ್ನ ತೋಳು ಹಿಡಿದ್ರು. ಆಗ ಗುಂಪಿನ ಆಚೆಯಿಂದ ಒಂದು ದನಿ ಬಂತು. "ಅವನಲ್ಲ. ನಾನು."

ಯಾವುದೋ ಅಜ್ಜಿ ಅಂದುಕೊಂಡೆ ಕಣೇ. ಜಲ್ಲಿ ಮೇಲೆ ಗಾಡಿ ಎಳೆದ ಹಾಗಿತ್ತು ಆ ದನಿ. ತಿರುಗಿ ನೋಡಿದ್ರೆ ನೀನು. ಪಕ್ಕದಲ್ಲಿ ನಿನ್ನ ಅಜ್ಜಿ ಮುನಿಯಲ್ಲಮ್ಮ. ನನಗೆ ಆ ದನಿ ನಿನ್ನದು ಅಂತ ನಂಬೋಕೆ ಆಗಲಿಲ್ಲ, ನಿನ್ನ ತುಟಿ ನೋಡ್ತಾ ನಿಂತೆ.

"ಜೋರಾಗಿ ಹೇಳಮ್ಮ, ಕೇಳಿಸ್ತಿಲ್ಲ" ಅಂದ್ರು ಇನ್‌ಸ್ಪೆಕ್ಟರ್.

"ಇದಕ್ಕಿಂತ ಜೋರು ಬರಲ್ಲ. ನೀವೇ ಹತ್ತಿರ ಬನ್ನಿ."

ಅವರು ಎದ್ದು ಬಂದ್ರು. ಅವರ ಹಿಂದೆ ಜನವೂ ಬಂತು. ಕೂಗಾಡೋಕೆ ಬಂದೋರೆಲ್ಲ ನಿನ್ನ ಮಾತು ಕೇಳಿಸಲಿ ಅಂತ ಉಸಿರು ಬಿಗಿಹಿಡಿದು ನಿಂತ್ರು. ಚಿಕ್ಕವಳಿದ್ದಾಗಿನಿಂದ ಈ ಗುಡಿಗೆ ಆರತಿ ಹೊತ್ತಿದ್ದೀನಿ, ಮನೆಗೆ ನೀರು ನುಗ್ಗಿದ ದಿನ ಅಜ್ಜಿ ದೇವಿಯ ಹೆಸರು ಹಿಡಿದು ಆಡಿದ ಮಾತನ್ನೇ ಬರೆದೆ, ಇದರಲ್ಲಿ ಅವನದು ರಾಗ ಮಾತ್ರ ಅಂದೆ ನೀನು.

"ನೀನು ಗೌರ್ಮೆಂಟ್ ಕೆಲಸದಲ್ಲಿರೋಳು. ಯೋಚನೆ ಮಾಡಿ ಮಾತಾಡು" ಅಂದ್ರು ನರಸಿಂಹಯ್ಯ. ಕೂಗಲಿಲ್ಲ, ಮೆತ್ತಗೇ ಅಂದ್ರು. ಅದಕ್ಕೇ ನನಗೆ ಹೆದರಿಕೆ ಆಯ್ತು.

"ಮಾಡಿದ್ದೀನಿ. ಅದಕ್ಕೇ ಬರೋದು ತಡ ಆಯ್ತು."

ಅಜ್ಜಿ ಅಷ್ಟಕ್ಕೆ ಬಿಡಲಿಲ್ಲ. "ಇಂಗೆ ಕುರ್ಚಿ ಆಕ್ಕೊಂಡು ಕೇಳೋದಲ್ಲ ನರಸಿಂಹ. ಮಳೆಗಾಲ್ದಾಗೆ ಒಂದ್ ದಪ ನಮ್ಮನೇಗೆ ಬಂದು ಕುಂತ್ಕೊ" ಅಂದ್ರು. ಯಾರೋ ಹಿಂದೆ ನಕ್ರು. ನಗು ಕೇಳಿದ ತಕ್ಷಣ ಸಭೆ ಮುಗೀತು ಅಂತ ನನಗೆ ಗೊತ್ತಾಯ್ತು. ಇನ್‌ಸ್ಪೆಕ್ಟರ್ ನಿನ್ನ ಹೇಳಿಕೆ ಬರೆಸಿಕೊಂಡ್ರು. ಗಡಿಗೆ ಒಡೆದದ್ದು ನನ್ನಿಂದಲೇ, ಅದಕ್ಕೆ ನಾನು ಪೂಜಾರಿ ಹತ್ತಿರ ಕ್ಷಮೆ ಕೇಳಿದೆ. ಹೊಸದೊಂದು ತಂದಿಡು ಅಂದ್ರು, ತಂದಿಟ್ಟೆ. ದೂರು ಮುಂದುವರಿಸಲ್ಲ ಅಂತ ಇವತ್ತು ಸ್ಟೇಷನ್‌ನಿಂದ ಹೇಳಿ ಕಳಿಸಿದ್ದಾರೆ.

ಅಶ್ವತ್ಥ್ ಕೊನೆ ತನಕ ತಲೆ ಎತ್ತಲಿಲ್ಲ.

ನಿನ್ನ ಗಂಟಲಿಗೆ ಏನಾಯ್ತು ಇಂದು?

ರಯ್ಯಾನ್


ಔರಾದ್
6 ಫೆಬ್ರವರಿ 2025

ರಯ್ಯಾನ್,

ಧ್ವನಿತಂತುವಿನ ಮೇಲೆ ಗಡ್ಡೆ. ಕ್ಯಾನ್ಸರ್ ಅಲ್ಲ, ಹೆದರಬೇಡ. ಊರು ಬಿಡುವ ಮುಂಚಿನ ತಿಂಗಳು ರಿಹರ್ಸಲ್ ತಪ್ಪಿಸಿಕೊಂಡೆನಲ್ಲ, ಆಗ ಆಪರೇಷನ್ ಆಯ್ತು. ಅಜ್ಜಿಯ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಾತು ಬರುತ್ತೆ, ಹಾಡು ಬರಲ್ಲ ಅಂದರು ಡಾಕ್ಟರ್. ಮಾತೂ ಹೀಗೆ ಬಂತು. ಫೋನ್ ಬೇಡ ಅಂದಿದ್ದು ಅದಕ್ಕೆ. ಇಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇದೆ. ಎತ್ತುಗಳಿಗೆ ಹಾಡ್ತೀನಿ ಅಂದಿದ್ದೂ ಸುಳ್ಳು. ಒಂದು ಸಲ ಪ್ರಯತ್ನಪಟ್ಟೆ. ಆಮೇಲೆ ಬದುವಿನ ಮೇಲೆ ಕೂತು ಅತ್ತೆ.

ನೀವೆಲ್ಲ ಅಯ್ಯೋ ಅಂತೀರಿ, ನನಗೋಸ್ಕರ ಬ್ಯಾಂಡ್ ನಿಲ್ಲಿಸ್ತೀರಿ ಅನ್ನೋ ಭಯ. ನೀವು ನಿಲ್ಲಿಸಲಿಲ್ಲ, ಅದಕ್ಕೂ ಸಂಕಟ ಆಯ್ತು. ಶಿವಾನಿಯ ಕೂಗು ಕೇಳಿ ಕೈ ತೊಳೆಯೋಕೆ ಎದ್ದು ಹೋದದ್ದು ಅದಕ್ಕೆ. ಸಭೆಯ ದಿನ ನಿನ್ನ ಮುಖದಲ್ಲಿ ಆ ಅಯ್ಯೋ ಕಾಣಿಸಿತು. ಅಲ್ಲಿ ಇನ್ನೊಂದು ನಿಮಿಷ ನಿಲ್ಲೋಕೆ ನನ್ನಿಂದ ಆಗ್ತಿರಲಿಲ್ಲ, ಆಟೋ ಹತ್ತಿದೆ.

ಇಲಾಖೆಯಿಂದ ನೋಟಿಸ್ ಬಂದಿದೆ. ಯಾರೋ ಅರ್ಜಿ ಹಾಕಿದ್ದಾರೆ, ಯಾರು ಅಂತ ಕೇಳಬೇಕಿಲ್ಲ. ಹಾಡು ಬರೆದದ್ದು ನೌಕರಿ ಸೇರುವ ಮುಂಚೆ ಅಂತ ಉತ್ತರ ಕೊಟ್ಟಿದ್ದೀನಿ, ಅದು ನಿಜ. ಪ್ರೊಬೇಷನ್ ಇನ್ನೊಂದು ವರ್ಷ ಎಳೆಯಬಹುದಂತೆ. ಎಳೆಯಲಿ. ತೆಗೆದರೂ ಎಮ್ಮೆಗಳಿಗೆ ಡಾಕ್ಟರ್ ಬೇಕೇ ಬೇಕು.

ಫೋನ್ ಮಾಡು. ಸುಮ್ಮನೆ ಕೇಳಿಸಿಕೊಳ್ಳೋಕೆ ತಯಾರಿದ್ದರೆ ಮಾತ್ರ. ಅಯ್ಯೋ ಅಂದರೆ ಇಡ್ತೀನಿ.

ಇಂದು


ತಣಿಸಂದ್ರ
25 ಮೇ 2025

ಇಂದು,

ವಾರಕ್ಕೊಂದು ಸಲ ಫೋನಲ್ಲಿ ಮಾತಾಡ್ತೀವಿ, ಆದ್ರೂ ಇದನ್ನ ಬರೆದೇ ಹೇಳ್ಬೇಕು ಅನ್ನಿಸ್ತು.

ನೀನು ಕಳಿಸಿದ ಹೊಸ ಸಾಲುಗಳನ್ನ ಇಟ್ಕೊಂಡು ನಾನೂ ಕಾಶಿನಾಥನೂ ಅವನ ಮನೆ ತಾರಸಿ ಮೇಲೆ ಕೂರ್ತಿದ್ದೀವಿ. ಗಿಟಾರ್ ಶ್ರುತಿ ತುಂಬಾ ಕೆಳಗೆ ಇಳಿಸಿದ್ದೀನಿ, ನೀನು ಮಾತಾಡೋ ಎತ್ತರಕ್ಕೆ. ನೀನು ಹಾಡಲ್ಲ ಅಂತೀಯ, ಮಾತಾಡಿದ್ರೆ ಸಾಕು. ಕಾಶಿನಾಥ ಡ್ರಮ್ಸ್ ನಿಧಾನ ಮಾಡಿದ್ದಾನೆ, ಬುಲ್ಡೋಜರ್ ಬಂದ ಹಾಗೆ ಕೇಳುತ್ತೆ. ಬೇಸ್ ಇಲ್ಲದೆ ನೆಲ ಇಲ್ಲದ ಮನೆ ಥರ ಇದೆ.

ಹದಿನೈದು ದಿನದ ಹಿಂದೆ ಅಶ್ವತ್ಥ್ ಬಂದ. ನಮ್ಮ ಮನೆ ಮೆಟ್ಟಿಲ ಮೇಲೆ ಕೂತಿದ್ದ, ಅಮ್ಮಿ ಒಳಗೆ ಕರೆದ್ರೂ ಬರಲಿಲ್ಲ. ಕೋಡಿ ಬಿಟ್ಟಿದ್ದಾನಂತೆ. ಹೆಸರು ಶಿವಾನಿಗೇ ಬಿಟ್ಟುಕೊಟ್ಟನಂತೆ, ಅವರು ಈಗ ಹೆಬ್ಬಾಳದ ಪಬ್‌ಗಳಲ್ಲಿ ಪ್ರೇಮಗೀತೆ ಹಾಡ್ತಿದ್ದಾರೆ.

"ಯಲಹಂಕ ಶೋದ ಪೂರ್ತಿ ವಿಡಿಯೋ ನನ್ನ ಹತ್ರನೇ ಇತ್ತು ಮಗಾ" ಅಂದ. "ದೊಡ್ಡಪ್ಪನ ಮಗ ನೋಡ್ಬೇಕು ಅಂದ, ಕೊಟ್ಟೆ. ಅವನು ಕತ್ತರಿಸಿ ಬಿಟ್ಟ. ನೀನು ಚೂರು ಆರಿಸೋದು ಅದ್ರಲ್ಲಿತ್ತು. ಅವತ್ತೇ ಹಾಕಿದ್ರೆ ಎಲ್ಲ ಮುಗೀತಿತ್ತು."

"ಯಾಕೆ ಹಾಕ್ಲಿಲ್ಲ?"

"ಆ ಮನೇಲಿ ಊಟ ಮಾಡ್ತಿದ್ದೆ."

ಹೊಡೀಬೇಕು ಅನ್ನಿಸ್ತು. ಎಲ್ಲರೂ ಅಬ್ಬಾ ಅಂಗಡಿ ಮುಂದೆ ಕೂಗ್ತಿದ್ದಾಗ ಇವನ ಲ್ಯಾಪ್‌ಟಾಪಿನಲ್ಲಿ ಅದು ಸುಮ್ಮನೆ ಕೂತಿತ್ತು. ಹೊಡೀಲಿಲ್ಲ. ಹೋದ ವಾರ ಅವನು ಆ ಪೂರ್ತಿ ವಿಡಿಯೋನ ತನ್ನ ಹೆಸರಲ್ಲೇ ಹಾಕಿದ್ದಾನೆ, ಕತ್ತರಿಸಿದ್ದು ಯಾರು ಅಂತನೂ ಬರೆದಿದ್ದಾನೆ. ಮನೆಯಿಂದ ಹೊರಗೆ ಹಾಕಿದ್ದಾರೆ. ಯಶವಂತಪುರದಲ್ಲಿ ಒಂದು ರೂಮಿನಲ್ಲಿ ಇದ್ದಾನೆ.

ಅವತ್ತು ಹೊರಡುವಾಗ, ಬೇಸ್‌ಗೆ ಯಾರಾದ್ರೂ ಸಿಕ್ಕಿದ್ರಾ ಅಂತ ಕೇಳಿದ. ನನಗೆ ಬಾ ಅನ್ನೋಕೂ ಆಗಲಿಲ್ಲ, ಹೋಗು ಅನ್ನೋಕೂ ಆಗಲಿಲ್ಲ. ಇಂದುನ ಕೇಳು ಅಂದೆ. ಫೋನಲ್ಲಿ ಕೇಳೋ ಮುಖ ನನಗಿಲ್ಲ ಅಂದ. ಅವನು ಬೀದರ್ ರೈಲಿಗೆ ಟಿಕೆಟ್ ಮಾಡಿಸಿದ್ದಾನಂತೆ, ಕಾಶಿನಾಥ ಹೇಳಿದ. ಈ ಪತ್ರಕ್ಕಿಂತ ಮುಂಚೆನೇ ಬಂದಿರ್ತಾನೋ ಏನೋ.

ನಾನಿನ್ನೂ ಅವನನ್ನ ಕ್ಷಮಿಸಿಲ್ಲ. ನೀನು ಏನು ಮಾಡಿದ್ರೂ ನನ್ನದು ತಕರಾರಿಲ್ಲ.

ರಯ್ಯಾನ್


ಔರಾದ್
8 ಜೂನ್ 2025

ರಯ್ಯಾನ್,

ಅವನು ಬಂದ. ನಿನ್ನ ಪತ್ರ ಆಮೇಲೆ ಬಂತು.

ಆಸ್ಪತ್ರೆಯ ಗೇಟಿನಲ್ಲಿ ಚೀಲ ಹಿಡಿದು ನಿಂತಿದ್ದ. ನಾನು ಒಂದು ಎಮ್ಮೆಯ ಹೆರಿಗೆಗೆ ಹೊರಟಿದ್ದೆ, ಕರು ಅಡ್ಡ ಸಿಕ್ಕಿಕೊಂಡಿತ್ತು, ಕಾಂಪೌಂಡರ್ ರಜದಲ್ಲಿದ್ದ. ಬೈಕ್ ಹತ್ತು ಅಂದೆ, ಹತ್ತಿದ. ದಾರಿಯಲ್ಲಿ ಏನೋ ಹೇಳೋಕೆ ಹೋದ. ಈಗ ಬೇಡ ಅಂದೆ. ಕೊಟ್ಟಿಗೆಯಲ್ಲಿ ಹಗ್ಗ ಅವನ ಕೈಗೆ ಕೊಟ್ಟೆ. ನಾನು ಹೇಳಿದಾಗ ಎಳೆದ, ನಿಲ್ಲಿಸು ಅಂದಾಗ ನಿಲ್ಲಿಸಿದ. ಶರ್ಟು ಪೂರ್ತಿ ಹಾಳಾಯ್ತು. ಕರು ಬದುಕಿತು. ಮನೆಯವರು ಅವನನ್ನೂ ಡಾಕ್ಟರ್ ಅಂದುಕೊಂಡು ಇಬ್ಬರಿಗೂ ರೊಟ್ಟಿ ಊಟ ಹಾಕಿದರು.

ಸಂಜೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದ. ನಿನಗೆ ಹೇಳಿದ್ದನ್ನೇ ಹೇಳಿದ, ಏನೂ ಕಡಿಮೆ ಮಾಡಲಿಲ್ಲ. ನಾನು ಪರವಾಗಿಲ್ಲ ಅನ್ನಲಿಲ್ಲ. ಪರವಾಗಿಲ್ಲ ಅನ್ನೋದು ನಿನ್ನ ಅಪ್ಪನಿಗೆ ಸೇರಿದ್ದು, ನನಗಲ್ಲ. ಮೊದಲು ಯಾರ್ಡಿಗೆ ಹೋಗಿ ಖಾದರ್ ಬಾಷಾ ಅವರ ಮುಂದೆ ನಿಲ್ಲು, ಅಲ್ಲಿ ಎಲ್ಲರೂ ಇರುವ ಹೊತ್ತಿನಲ್ಲಿ ಅಂದೆ. ಆಯ್ತು ಅಂದ. ಹೋಗ್ತಾನೆ ಅಂತ ನನಗೆ ಅನ್ನಿಸ್ತು. ಹೋಗದಿದ್ದರೆ ನನಗೆ ಬರಿ.

ಆಮೇಲೆ ಒಳಗಿಂದ ಹೊಸ ಹಾಡು ತಂದು ಕೈಗೆ ಕೊಟ್ಟೆ. ದೀಪದ ಕಡೆ ತಿರುಗಿಸಿ ಓದಿದ. ಎರಡನೇ ಸಾಲಿಗೆ ನಿಂತ.

"ಇದು ನಮ್ಮನೆ ಬಗ್ಗೆ" ಅಂದ.

"ಹೌದು" ಅಂದೆ.

ಹಾಳೆ ಮಡಚಿ ವಾಪಸ್ ಕೊಡ್ತಾನೆ ಅಂದುಕೊಂಡು ನಾನು ಕೈ ಚಾಚಿದ್ದೆ. ಅವನು ಕೊಡಲಿಲ್ಲ.

"ಯಾವ ಸ್ಕೇಲು? ಬೇಸ್ ಎಲ್ಲಿಂದ ಹಿಡೀಲಿ?" ಅಂದ.

ಇಂದು